ದೋನ್ ಮೆಲ್ಚೋರನ ಹ್ಯಾಟು

ತೊಮಾಸಾಳ ಮನೆಯ ಗೂಡಿನಲ್ಲಿ ಅವಳು ಮದುವೆಯಾಗಿ ಬಂದ ವರ್ಷದಿಂದಲೂ ಒಂದು ತಲೆಬುರುಡೆ ಕೂತಿತ್ತು. ಆ ಎತ್ತರದ ಬಯಲುಸೀಮೆಯಲ್ಲಿ ಅದೇನೂ ಹೆದರುವ ಸಂಗತಿಯಲ್ಲ. ಉಳುವಾಗ ಸಿಕ್ಕ ಹಿರಿಯರ ತಲೆಯನ್ನು ಮನೆಗೆ ತಂದು, ಮೇಣದಬತ್ತಿ ಹಚ್ಚಿ, ಕೋಕಾ ಎಲೆ ಇಟ್ಟರೆ ಅದು ಮನೆ ಕಾಯುತ್ತದೆ. ಕನಸಿನಲ್ಲಿ ಬಂದು ತನ್ನ ಹೆಸರನ್ನೂ ಹೇಳುತ್ತದೆ. ಈ ತಲೆಯ ಹೆಸರನ್ನು ಕೇಳಿಸಿಕೊಂಡವನು ಅವಳ ತೀರಿಹೋದ ಗಂಡ. ಒಂದು ಬೆಳಗ್ಗೆ ಎದ್ದವನೇ "ಮೆಲ್ಚೋರ್ ಅಂತೆ" ಎಂದಿದ್ದ. ಅಂದಿನಿಂದ, ಗೌರವಕ್ಕೆ 'ದೋನ್' ಸೇರಿಸಿ, ಅದು ದೋನ್ ಮೆಲ್ಚೋರ್, ಮನೆಯ ಯಜಮಾನ. ತಲೆಗೊಂದು ಕಪ್ಪು ಹ್ಯಾಟು, ಸೋಮವಾರ ಬಂದರೆ ಹಲ್ಲಿನ ನಡುವೆ ಒಂದು ಸಿಗರೇಟು.

ಮಗಳು ನೆಲಿಡಾ ತುಂಬು ಬಸುರಿ. ಅವಳ ಮೊದಲ ಕೂಸು ಉಸಿರಿಲ್ಲದೆ ಹುಟ್ಟಿತ್ತು. "ಈ ಸಲ ನೀನೇ ನೋಡ್ಕೊ, ದೋನ್," ಎಂದು ತೊಮಾಸಾ ದಿನವೂ ಗೂಡಿನ ಮುಂದೆ ಮೊಣಕಾಲೂರುತ್ತಿದ್ದಳು.

ಅಷ್ಟರಲ್ಲಿ ರಸ್ತೆ ಅಗಲ ಮಾಡುತ್ತಾರೆಂದು ಮನೆಯೆದುರಿನ ಹೊಲದಲ್ಲಿ ಗೂಟ ನೆಟ್ಟರು. ಡಾಂಬರು ಬೀಳುವ ಮುಂಚೆ ನೆಲದಡಿ ಮಲಗಿದವರನ್ನು ಎತ್ತಿಕೊಳ್ಳಲು ಪುರಾತತ್ವದ ಇವೋನ್ ಮೇಡಂ ಬಂದಳು. ಭೂತಾಯಿಗೆ ಮದ್ಯ ಚಿಮುಕಿಸಿ, ಅಪ್ಪಣೆ ಬೇಡಿ, ಗುದ್ದಲಿ ಇಟ್ಟರು. ತೊಮಾಸಾ ಮಣ್ಣು ಜರಡಿ ಹಿಡಿಯುವ ಕೆಲಸಕ್ಕೆ ಸೇರಿದಳು.

ಅಂದಿನಿಂದ ದೋನ್ ಮೆಲ್ಚೋರನ ಸಿಗರೇಟು ಹತ್ತಲಿಲ್ಲ. ಬಾಗಿಲ ಕಡೆಗಿದ್ದ ಮುಖ ಬೆಳಗಾಗುವಷ್ಟರಲ್ಲಿ ಕಿಟಕಿಗೆ, ಅಗೆದ ಹೊಲಕ್ಕೆ ತಿರುಗಿರುತ್ತಿತ್ತು.

"ನೀನು ತಿರುಗಿಸಿದ್ಯೇನೇ?" ತೊಮಾಸಾ ಮಗಳನ್ನು ಕೇಳಿದಳು.

"ನಾನ್ಯಾಕಮ್ಮ ಮುಟ್ಲಿ? ನನ್ನ ಕಾಲು ನಂಗೇ ಕಾಣ್ತಿಲ್ಲ, ಗೂಡಿಗೆ ಕೈ ಹಾಕ್ತೀನಾ!"

ಕೊನೆಯ ಗುಂಡಿಯಲ್ಲಿ ಮಲಗಿದ್ದ ಅಸ್ಥಿಪಂಜರಕ್ಕೆ ತಲೆ ಇರಲಿಲ್ಲ. ಗುದ್ದಲಿ ಹಿಡಿದಿದ್ದ ಪಕ್ಕದ ಮನೆಯ ಸೆವೆರೋ ನಕ್ಕ. "ಅಕ್ಕಾ, ನಿಮ್ಮ ಗೂಡಿನ ಯಜಮಾನ್ರ ಹ್ಯಾಟು ಕೊಡು, ಈ ಮಹರಾಯನಿಗೆ ಎಲ್ಲಿಗೆ ಹಾಕೋದು ನೋಡಣ!"

ತೊಮಾಸಾಳ ಜರಡಿ ನಿಂತಿತು. ಗಂಡನ ನೇಗಿಲಿಗೆ ಆ ತಲೆ ಸಿಕ್ಕಿದ್ದು ಇದೇ ಮೂಲೆಯಲ್ಲಿ.

"ಮಹರಾಯ ಅಲ್ಲ, ಹೆಂಗಸು," ಎಂದಳು ಇವೋನ್, ಕುಂಚದಿಂದ ಸೊಂಟದ ಮೂಳೆ ಗುಡಿಸುತ್ತ. ಕುಂಚ ತಟ್ಟನೆ ನಿಂತಿತು. ಆ ಮೂಳೆಯ ಬಟ್ಟಲಿನೊಳಗೆ ಹಕ್ಕಿಯವೆಂಬಷ್ಟು ಸಣ್ಣ ಮೂಳೆಗಳಿದ್ದವು. "ಹೆರಿಗೆ ಆಗದೇ ಹೋಗಿದಾಳೆ ಪಾಪ. ಸಾವಿರಾರು ವರ್ಷ ಆಗಿರಬೇಕು."

ಸೆವೆರೋ ಟೋಪಿ ತೆಗೆದ. ಸ್ವಲ್ಪ ಹೊತ್ತಿನ ಮೇಲೆ ತೊಮಾಸಾಳ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಹೇಳಿದ. "ಬೈಬೇಡ ಅಕ್ಕಾ. ಮೆಲ್ಚೋರ್ ಅನ್ನೋದು ನಮ್ಮಪ್ಪನ ಕತ್ತೆ ಹೆಸರು. ಹಗ್ಗ ಕಿತ್ಕೊಂಡು ಹೋದಾಗೆಲ್ಲ ಅಪ್ಪ ಬೆಳಗಿನ ಜಾವ ಕೂಗ್ತಾ ತಿರುಗೋನು. ಭಾವ ನಿದ್ದೆಗಣ್ಣಲ್ಲಿ ಕೇಳಿಸ್ಕೊಂಡಿದ್ದು..."

ತೊಮಾಸಾ ಜರಡಿ ಕೆಳಗಿಟ್ಟಳು. ಇಷ್ಟು ಕಾಲ ಒಬ್ಬ ತಾಯಿಯನ್ನು ಕತ್ತೆಯ ಹೆಸರಿನಿಂದ ಕರೆದು, ಬಾಯಿಗೆ ಹೊಗೆಸೊಪ್ಪು ತುರುಕಿ, ಹೆರಿಗೆ ನೋಡಿಕೋ ಎಂದು ಬೇಡಿದ್ದಳು.

"ಇವಳನ್ನ ಯಾವಾಗ ಒಯ್ತೀರಮ್ಮ?" ಎಂದು ಇವೋನಳನ್ನು ಕೇಳಿದಳು.

"ಇನ್ನೇನು ಗಾಡಿ ಬರುತ್ತೆ."

ಮನೆಗೆ ಹೋದರೆ ನೆಲಿಡಾಗೆ ನೋವು ಶುರುವಾಗಿತ್ತು. ಸೂಲಗಿತ್ತಿ ಬೆನ್ನು ನೀವುತ್ತಿದ್ದಳು. ಅಮ್ಮ ಗುಂಡಿಯ ಸಂಗತಿ ಹೇಳಿ ಬುರುಡೆ ಎತ್ತಿಕೊಂಡದ್ದು ಕಂಡು ಮಗಳು ಚೀರಿದಳು. "ಇವತ್ತೇನಾ? ಅದನ್ನ ಕಳಿಸಿಬಿಟ್ರೆ ನನ್ನನ್ನ ಯಾರಮ್ಮ ಕಾಯ್ತಾರೆ?"

ತೊಮಾಸಾ ಬುರುಡೆಯನ್ನು ಎದೆಗವಚಿಕೊಂಡಳು. ಮೊದಲ ಕೂಸಿನ ನೀಲಿ ತುಟಿ ಕಣ್ಣ ಮುಂದೆ ಬಂತು. "ಅವಳ ಕೂಸು ಅಲ್ಲಿ ಒಂಟಿಯಾಗಿದೆ ಕಣೇ. ಅದರ ತಾಯೀನ ಇಲ್ಲಿ ಹಿಡಿದಿಟ್ಕೊಂಡು ನಿನ್ನ ಕೂಸಿಗೆ ಬೇಡೋಕೆ ನಂಗೆ ಬಾಯಿ ಬರಲ್ಲ."

ಗುಂಡಿಯ ಅಂಚಿನಲ್ಲಿ ಅವಳು ಹ್ಯಾಟು ತೆಗೆದಿಟ್ಟಳು. ಹಲ್ಲಿಗಂಟಿದ ತಂಬಾಕನ್ನು ಶಾಲಿನ ಅಂಚಿನಿಂದ ಒರೆಸಿದಳು. ಇವೋನ್ ಗುಂಡಿಯೊಳಗಿಂದ ಕೈ ನೀಡಿ ಬುರುಡೆಯನ್ನು ಇಳಿಸಿಕೊಂಡಳು. ಬುರುಡೆಯ ಬುಡದಲ್ಲಿ ಅಂಟಿಕೊಂಡಿದ್ದ ಮೂಳೆಯ ಮುರುಕು ಕತ್ತಿನ ಮುರುಕಿಗೆ ಕೂಡಿತು.

"ತಾಯಿ, ನಿನ್ನ ಹೆಸರು ನಂಗೊತ್ತಿಲ್ಲ. ಇನ್ನು ಕೇಳೋದೂ ಇಲ್ಲ. ಹೋಗು, ಕೂಸನ್ನ ನೋಡ್ಕೋ."

ಬಯಲಿನ ಗಾಳಿ ನಿಂತಿತು. ಆಗ ಎಳೆಯ ಅಳು ಕೇಳಿಸಿತು, ತೀರಾ ಹತ್ತಿರದಿಂದ. ಸೆವೆರೋ, ಇವೋನ್, ಎಲ್ಲರೂ ಮನೆಯ ಕಡೆ ತಿರುಗಿದರು. ತೊಮಾಸಾ ಮಾತ್ರ ಮೊದಲು ಗುಂಡಿಯೊಳಗಿನ ಸಣ್ಣ ಮೂಳೆಗಳನ್ನು ನೋಡಿದಳು. ಆಮೇಲೆ, ಹ್ಯಾಟನ್ನು ಅಲ್ಲೇ ಬಿಟ್ಟು, ಮನೆಯತ್ತ ಓಡಿದಳು.