ಪಂಪಿಗೆ ಕಟ್ಟಿದ ಅರಿಶಿನದ ಕೊಂಬು

ಹಲಗೆ ಹಿಡಿದು ನಿಲ್ಲುವ ಕೆಲಸ ಶೋಭಾರಾಣಿಯ ಪಾಲಿಗೆ ಬಂದದ್ದು ಹೋದ ತಿಂಗಳು. ನಾಯಂಡಹಳ್ಳಿಯಲ್ಲಿ ಅವರ ಗ್ಯಾರೇಜಿನ ಪಕ್ಕದ ಶೆಡ್ಡಿನವನು, ಡೀಸೆಲ್ ಊಡುವ ಪಂಪು ಬಿಚ್ಚಿ ಮತ್ತೆ ಕೂರಿಸಿದ್ದ ಎಂಜಿನ್ನೊಂದು ಸ್ಟಾರ್ಟ್ ಆದದ್ದೇ ತಡ, ಹುಚ್ಚು ಹಿಡಿದಂತೆ ಓಡಿ, ಆಫ್ ಮಾಡಿದರೂ ನಿಲ್ಲದೆ ಸಿಡಿದು, ಅವನ ಬಲಗೈ ತೆಗೆದುಕೊಂಡಿತು. ಮಾರನೆಯ ದಿನದಿಂದ ಅವಳ ಗಂಡ ವೆಂಕಟಗಿರಿಯ ಕೆಲಸಗಾರ ಈ ಕಡೆ ತಲೆ ಹಾಕಲಿಲ್ಲ. ಎಂಜಿನ್ನು ಹಾಗೆ ಕೈಮೀರಿದರೆ ಅದು ಗಾಳಿ ಎಳೆದುಕೊಳ್ಳುವ ಬಾಯಿಗೆ ಹಲಗೆ ಒತ್ತಿ ಉಸಿರುಗಟ್ಟಿಸಬೇಕು. ಅದಕ್ಕೆ ಒಬ್ಬರು ಪಕ್ಕದಲ್ಲೇ ನಿಲ್ಲಬೇಕು. ಇನ್ಯಾರು ನಿಂತಾರು? ಕಟ್ಟಿಕೊಂಡವಳೇ.

ಅಂದಿನಿಂದ ಅವಳಿಗೆ ಅನ್ನ ಸೇರುತ್ತಿರಲಿಲ್ಲ. ವೆಂಕಟಗಿರಿ ಮಾತ್ರ ಸೀಟಿ ಹೊಡೆದುಕೊಂಡೇ ಕೆಲಸ ಮಾಡುತ್ತಿದ್ದ. ಈ ಮನುಷ್ಯನಿಗೆ ಭಯವೆಂಬುದನ್ನು ದೇವರು ಕೊಟ್ಟೇ ಇಲ್ಲ ಎಂದು ಅವಳಿಗೆ ಸಿಟ್ಟು ಬರುತ್ತಿತ್ತು.

ಇವತ್ತು ರಿಪೇರಿಗೆ ಬಂದಿದ್ದದ್ದು ಗಿರಾಕಿ ರೇವಣಸಿದ್ದಯ್ಯನವರ ಹಳೇ ಟೆಂಪೋ. ಪಂಪು ಬಿಚ್ಚುವ ಮೊದಲು ಪಂಪಿಗೂ ಎಂಜಿನ್ನಿಗೂ ಸೇರಿದಂತೆ ವೆಂಕಟಗಿರಿ ಒಂದು ಗೆರೆ ಗೀರಿದ್ದ. ಈಗ ಆ ಗೆರೆ ಕೂಡಿಸಿ ಕೂರಿಸಿ, ಎಂಜಿನ್ನನ್ನು ಕೈಯಿಂದಲೇ ನಿಧಾನವಾಗಿ ತಿರುಗಿಸಿದ. ಮೊದಲ ಪೈಪಿನ ಬಾಯಲ್ಲಿ ಡೀಸೆಲ್ ತೊಟ್ಟಿಕ್ಕುವುದು ನಿಂತ ಕ್ಷಣವೇ ಎಂಜಿನ್ನಿನ ದೊಡ್ಡ ಗಾಲಿ ಫ್ಲೈವೀಲಿನ ಮೇಲಿನ ಗುರುತು ತನ್ನ ಜಾಗಕ್ಕೆ ಬರಬೇಕು. ಬರಲಿಲ್ಲ. ಪಂಪನ್ನು ಕೂದಲೆಳೆಯಷ್ಟು ಹೊರಳಿಸಿ ಮತ್ತೆ ನೋಡಿದ. ಈ ಸಲ ಬಂತು.

"ಟೈಮಿಂಗ್ ಕೂತ್ಕೊಳ್ತು ಕಣೇ," ಎಂದು ನಟ್ಟು ಬಿಗಿದು, ಪೈಪು ಜೋಡಿಸಿ ಕ್ಯಾಬಿನ್ ಹತ್ತಿದ.

ಶೋಭಾರಾಣಿ ಇದೇ ಸಮಯಕ್ಕೆ ಕಾದಿದ್ದಳು. ಸೆರಗಿನ ಗಂಟಿನಿಂದ ಮುನೇಶ್ವರನ ಗುಡಿಯಲ್ಲಿ ಪೂಜೆ ಮಾಡಿಸಿ ತಂದಿದ್ದ ಹಳದಿ ದಾರ ತೆಗೆದಳು. ಅದಕ್ಕೊಂದು ಅರಿಶಿನದ ಕೊಂಬು. ಹೇಳಿ ಕಟ್ಟಿದರೆ ಗಂಡ ಆಡಿಕೊಂಡು ನಗುತ್ತಾನೆ. ಪಂಪಿನ ಪಕ್ಕದಲ್ಲಿ ಲಿವರಿನಂಥ ಕಬ್ಬಿಣದ ಎರಡು ಪುಟ್ಟ ಕೈಗಳಿದ್ದವು: ಒಂದು ವೇಗ ಏರಿಸುವುದು, ಇನ್ನೊಂದು ಎಂಜಿನ್ ನಿಲ್ಲಿಸುವುದು. ಕಾಪಾಡುವುದು ನಿಲ್ಲಿಸುವ ಕೈಯೇ ತಾನೇ? ಅದಕ್ಕೇ ಕಟ್ಟಿದಳು. ಬಿಚ್ಚಿಹೋಗದಿರಲಿ ಎಂದು ಪಕ್ಕದ ಪೈಪಿಗೂ ಸುತ್ತಿ ಗಂಟು ಬಿಗಿದಳು.

"ಹಲಗೆ ಹಿಡ್ಕೊಂಡಿದೀಯಾ?"

"ಹೂಂ ರೀ."

ಎಂಜಿನ್ ಗುಡುಗಿತು. ವೆಂಕಟಗಿರಿ ಆಕ್ಸಿಲರೇಟರ್ ಒತ್ತಿ ವೇಗದ ಕೈ ಮುಂದಕ್ಕೆ ಹೋದದ್ದೇ, ಅದು ವಾಪಸು ಬರದಂತೆ ಅರಿಶಿನದ ಕೊಂಬು ಅದರ ಹಿಂದಕ್ಕೆ ಜಾರಿ ಸಿಕ್ಕಿಕೊಂಡಿತು. ಸದ್ದು ಏರಿತು, ಏರುತ್ತಲೇ ಹೋಯಿತು. ಕಪ್ಪು ಹೊಗೆ ಶೆಡ್ಡು ತುಂಬಿ ಕಾಲಡಿಯ ನೆಲ ಅದುರಿತು. ಒಳಗಿನಿಂದ ಅವನು ಸ್ಟಾಪ್ ವೈರು ಎಳೆದ. ನಿಲ್ಲಿಸುವ ಕೈ ಹಳದಿ ದಾರವನ್ನು ಜಗ್ಗಿತೇ ಹೊರತು ಕದಲಲಿಲ್ಲ.

"ನಿಲ್ತಾ ಇಲ್ಲ! ಶೋಭಾ, ಹಲಗೆ ಬಿಸಾಕು! ಓಡು, ಹೊರಗ್ ಓಡು!"

ಓಡಬೇಕೆಂದೇ ಅವಳಿಗೆ ಅನಿಸಿತು. ಆದರೆ ಕಣ್ಣೆದುರಿಗೆ ತಾನೇ ಬಿಗಿದ ಗಂಟು. ಕೈಯಾರೆ ಗಂಡನನ್ನು ಕೊಂದೆನಲ್ಲಾ ಎಂದುಕೊಂಡಳು. ಕಣ್ಣು ಮುಚ್ಚಿ, ಮೈಭಾರವನ್ನೆಲ್ಲ ಹಾಕಿ ಗಾಳಿಯ ಬಾಯಿಗೆ ಹಲಗೆ ಒತ್ತಿದಳು. ಎಂಜಿನ್ನು ಹಲಗೆಯನ್ನು ಕಚ್ಚಿ ಎಳೆಯಿತು, ಸೀಳುದನಿಯಲ್ಲಿ ಅರಚಿತು, ಕೆಮ್ಮಿತು, ಒಮ್ಮೆ ಜೋರಾಗಿ ಕುಲುಕಿ ನಿಂತಿತು. ಮೇಲೆ ಮೆಟ್ರೋ ರೈಲು ಹೋಗುವ ಸದ್ದು ಆಗ ಕೇಳಿಸಿತು.

ವೆಂಕಟಗಿರಿ ಕೆಳಗಿಳಿದು ಪಂಪು ನೋಡಿದ. ದಾರ ನೋಡಿದ.

"ನಾನೇ ಕಟ್ದೆ ರೀ," ಎಂದು ಅವಳು ಅತ್ತೇಬಿಟ್ಟಳು. "ನಿಮಗೇನೂ ಆಗ್ಬಾರ್ದು ಅಂತ."

ಬೈಗುಳಕ್ಕೆ ತಲೆ ತಗ್ಗಿಸಿ ಕಾದಳು. ಅವನು ಬ್ಲೇಡು ತೆಗೆದು ದಾರ ಕೊಯ್ಯಲು ಹೋದ. ಆಗಲಿಲ್ಲ. ಬ್ಲೇಡು ಪೈಪಿಗೆ ಟಕಟಕ ಬಡಿಯುತ್ತಿತ್ತು. ಅವನ ಕೈ ಅಷ್ಟು ನಡುಗುವುದನ್ನು ಅವಳು ಎಂದೂ ಕಂಡಿರಲಿಲ್ಲ.

"ನೀವೂ ಹೆದ್ರಿಕೊಂಡ್ರಾ?"

"ದಿನಾ ಹೆದರ್ತೀನಿ ಕಣೇ. ನೀನು ಇಲ್ಲಿ ನಿಲ್ಲೋಕ್ ಶುರು ಮಾಡಿದಾಗಿಂದ. ಸೀಟಿ ಸುಮ್ನೆ ಹೊಡೀತೀನಾ?"

ಅವಳು ಬ್ಲೇಡು ಇಸಿದುಕೊಂಡು ದಾರ ಕೊಯ್ದು, ಸಿಕ್ಕಿಕೊಂಡಿದ್ದ ಕೊಂಬನ್ನೂ ಬಿಡಿಸಿದಳು. ಅವನು ಗ್ರೀಸು ಮೆತ್ತಿದ ಬಲಗೈ ಚಾಚಿದ.

"ಕಟ್ಟೋದಾದ್ರೆ ಇಲ್ಲಿ ಕಟ್ಟು."

ಕಟ್ಟಿದಳು. ಮಿಕ್ಕ ತುಂಡನ್ನು ಅವನು ಅವಳ ಕೈಗೆ ಕಟ್ಟಿ, ಮತ್ತೆ ಕ್ಯಾಬಿನ್ ಹತ್ತಿ ಕೀಲಿ ಹಿಡಿದ.

"ಹಲಗೆ ಹಿಡ್ಕೊಂಡಿದೀಯಾ?" ಈ ಸಲ ದನಿಯ ನಡುಕವನ್ನು ಅವನು ಮುಚ್ಚಿಡಲಿಲ್ಲ.

"ಹಿಡ್ಕೊಂಡಿದೀನಿ ರೀ," ಎಂದಳು ಶೋಭಾರಾಣಿ.