ಧಾರೆ ಮುಗಿಯುವವರೆಗೆ

ಹಿರಿಯಡ್ಕ ಪೇಟೆಯಲ್ಲಿ ತಾರಾನಾಥರ ಹಿಟ್ಟಿನ ಗಿರಣಿ ಸದ್ದು ಮಾಡಲು ಶುರುಮಾಡಿತೆಂದರೆ ಬೆಳಗಿನ ಎಂಟು ಗಂಟೆ ಎಂದೇ ಲೆಕ್ಕ. ಇಪ್ಪತ್ತೆಂಟು ವರ್ಷ ಊರಿನ ಅಕ್ಕಿ, ಗೋಧಿ, ಮೆಣಸು ಬೀಸಿಕೊಟ್ಟ ಮನುಷ್ಯ. ಸಂಜೆ ಮನೆಗೆ ಬರುವಾಗ ಕಣ್ಣಿನ ರೆಪ್ಪೆಯ ಮೇಲೂ ಹಿಟ್ಟು ಕೂತಿರುತ್ತಿತ್ತು. "ನಿನ್ನ ಅಪ್ಪ ದಿನಾ ಮುದುಕನಾಗಿ ಬಂದು, ಮಿಂದು ಹುಡುಗ ಆಗ್ತಾರೆ ನೋಡು" ಎಂದು ಹೆಂಡತಿ ಸ್ವರ್ಣಲತಾ ಮಗಳು ಅಕ್ಷಿತಾಳಿಗೆ ಹೇಳಿ ನಗುತ್ತಿದ್ದಳು.

ಮೈಮೇಲಿನ ಹಿಟ್ಟು ನೀರಿಗೆ ಹೋಯಿತು. ಎದೆಯೊಳಗೆ ಇಳಿದದ್ದು ಅಲ್ಲೇ ಉಳಿಯಿತು. ಅದರ ಜೊತೆಗೆ ಬೀಡಿಯೂ ಇತ್ತು. ಐವತ್ತು ದಾಟುವ ಹೊತ್ತಿಗೆ ದಮ್ಮು ಹಿಡಿಯಿತು. ಡಾಕ್ಟರು ಬೈದ ಮೇಲೆ ಬೀಡಿ ಬಿಟ್ಟರು. ಅಂಗಿಯ ಜೇಬಿನಲ್ಲಿ ಬೀಡಿ ಕಟ್ಟು ಇದ್ದ ಜಾಗಕ್ಕೆ ನೀಲಿ ಬಣ್ಣದ ಪಂಪ್ ಬಂತು. ಮೆಟ್ಟಿಲು ಹತ್ತಿದರೆ ಎರಡು ಸಲ ಬಾಯಿಗೆ ಒತ್ತಿಕೊಂಡು ಎಳೆಯುವುದು, ಐದು ನಿಮಿಷ ಕೂರುವುದು, ಏಳುವುದು. ಮನೆಯವರಿಗೆ ಅದು ಅಭ್ಯಾಸವೇ ಆಗಿಹೋಯಿತು. ಅಭ್ಯಾಸ ಆದದ್ದೇ ದೊಡ್ಡ ತಪ್ಪು.

ಅಕ್ಷಿತಾಳಿಗೆ ಕಾಪುವಿನ ರಿತೇಶನ ಜೊತೆ ನಿಶ್ಚಿತಾರ್ಥ ಆದ ಮರುವಾರ, ಪಂಪ್ ಮೊದಲಿನ ಹಾಗೆ ಹಿಡಿಯುತ್ತಿಲ್ಲ ಎಂದು ತಾರಾನಾಥರು ಮಣಿಪಾಲಕ್ಕೆ ಹೋದರು. ಡಾಕ್ಟರು ಎದೆಯ ಪರೀಕ್ಷೆಗಳನ್ನೆಲ್ಲ ಮಾಡಿಸಿ ಹೇಳಿದರು: "ಇದು ಶ್ವಾಸಕೋಶ ಮಾತ್ರ ಅಲ್ಲ. ಹೃದಯಕ್ಕೆ ರಕ್ತ ಹೋಗುವ ನಾಳದಲ್ಲೂ ಬ್ಲಾಕ್ ಇದ್ದ ಹಾಗೆ ಕಾಣ್ತದೆ. ಆಂಜಿಯೋಗ್ರಾಮ್ ಮಾಡಿ ನೋಡಬೇಕು. ತಡ ಮಾಡಬೇಡಿ." ಆಮೇಲೆ ಸ್ವರ್ಣಲತಾಳ ಕಡೆ ತಿರುಗಿ, "ಪಂಪ್ ತೆಗೆದುಕೊಂಡರೂ ದಮ್ಮು ಇಳಿಯದಿದ್ದರೆ, ಬೆವರು ಬಂದರೆ, ನೋವು ಎಡಗೈಗೋ ದವಡೆಗೋ ಹೋದರೆ, ಅದು ಹೃದಯ ಅಂತಲೇ ತಿಳಿಯಿರಿ. ನೋವು ಶುರುವಾದ ಗಂಟೆ ನೋಡಿಕೊಂಡು ಕೂಡಲೇ ಹೊರಟು ಬನ್ನಿ" ಎಂದರು.

ಸ್ವರ್ಣಲತಾ ಬಸ್ಸಿನಲ್ಲಿ ಬರುವಾಗ ಅಷ್ಟನ್ನೂ ಮನಸ್ಸಿನಲ್ಲೇ ಎರಡು ಸಲ ಹೇಳಿಕೊಂಡಳು. ಪಂಪ್, ಬೆವರು, ಎಡಗೈ, ದವಡೆ.

ಮನೆಯಲ್ಲಿ ತಾರಾನಾಥರ ಅಕ್ಕ ಸುಂದರಿ ಇದ್ದಳು. ಮದುವೆಯ ಕೆಲಸಕ್ಕೆಂದು ಕುಕ್ಕುಂದೂರಿನಿಂದ ಬಂದವಳು.

"ಆಂಜಿಯೋಗ್ರಾಮೋ ಗೀಂಜಿಯೋಗ್ರಾಮೋ, ಎಲ್ಲ ಮದುವೆ ಆದ ಮೇಲೆ. ಹುಡುಗಿಯ ತಂದೆಗೆ ಹಾರ್ಟಿನ ಸೀಕು ಉಂಟು ಅಂತ ಕಾಪುವಿನವರಿಗೆ ಗೊತ್ತಾಗಿ ಅವರು ಹಿಂದೆ ಸರಿದರೆ, ಬೇರೆ ಹುಡುಗನನ್ನು ನೀನು ತರ್ತೀಯಾ ಸ್ವರ್ಣ?"

"ರಿತೇಶ್ ಹಾಗೆಲ್ಲ ಹೇಳುವ ಹುಡುಗ ಅಲ್ಲ ಅತ್ತಿಗೆ."

"ಹುಡುಗ ಹೇಳುದಿಲ್ಲ. ಅವನ ಮನೆಯ ಜಗಲಿಯಲ್ಲಿ ಕೂತವರು ಹೇಳ್ತಾರೆ."

ಪಕ್ಕದ ಮನೆಯ ರೀನಾ ಮಣಿಪಾಲದಲ್ಲಿ ನರ್ಸ್. ಕರಿಬೇವು ಕೇಳಲು ಬಂದವಳು ಮಾತು ಕೇಳಿ ನಿಂತಳು. "ಸುಂದರಕ್ಕ, ಎರಡು ಮೂರು ದಿನದ ಕೆಲಸ ಅದು. ಮದುವೆಗೆ ಇನ್ನೂ ಐದು ವಾರ ಉಂಟು. ಈಗ ಮಾಡಿಸಿದರೆ ಅಣ್ಣ ಗಟ್ಟಿಯಾಗಿ ನಿಂತು ಧಾರೆ ಎರೆಯಬಹುದು."

"ನೀನು ಕಲಿತವಳು ಮಗಾ, ನಿನಗೆ ಪುಸ್ತಕ ಗೊತ್ತು. ನನಗೆ ಜನ ಗೊತ್ತು."

ಸುಂದರಿಗೆ ಜನ ಗೊತ್ತಿದ್ದದ್ದು ಸುಳ್ಳಲ್ಲ. ಅವಳು ಮದುವೆಯಾಗಿ ಹೋದ ನಾಲ್ಕನೇ ದಿನ ಮಾವ ತೀರಿಕೊಂಡಿದ್ದರು. ಅವರಿಗೆ ಎಂಬತ್ತೊಂದು ವರ್ಷ. ಆದರೂ ಮೂವತ್ತು ವರ್ಷ ಆ ಮನೆಯಲ್ಲಿ ಹಸು ಕಂದು ಹಾಕಿದರೂ, ಬಾವಿ ಬತ್ತಿದರೂ ಅವಳ ಕಾಲ್ಗುಣದ ಮಾತೇ. ತಮ್ಮನ ಮಗಳಂತೆ ಅಲ್ಲ, ತಾನೇ ಹೆತ್ತ ಮಗಳಂತೆ ಕಂಡ ಅಕ್ಷಿತಾಳಿಗೆ ಆ ಹೆಸರು ಬರಬಾರದು ಎನ್ನುವುದೊಂದೇ ಅವಳ ಹಟ.

ತಾರಾನಾಥರೇ ಜಗಳ ಮುಗಿಸಿದರು. "ಐದು ವಾರ ಅಲ್ವಾ ಮಾರಾಯ್ತಿ. ಹೇಗಾದರೂ ದೂಡುವ."

ಐದು ವಾರವನ್ನು ದೂಡಿಯೂ ದೂಡಿದರು. ಮದುವೆ ಹಿರಿಯಡ್ಕದ ಒಂದು ಸಭಾಭವನದಲ್ಲಿ. ಹನ್ನೆರಡು ಹದಿನೈದರ ಅಭಿಜಿನ್ ಮುಹೂರ್ತ. ಬಾಗಿಲಲ್ಲಿ ನಿಂತು ಬಂದವರಿಗೆಲ್ಲ ಕೈ ಮುಗಿಯುತ್ತಿದ್ದ ತಾರಾನಾಥರು ಇದ್ದಕ್ಕಿದ್ದಂತೆ ಒಳಗಿನ ಕೋಣೆಗೆ ಬಂದು ಕುರ್ಚಿಯಲ್ಲಿ ಕೂತರು. ಪಂಪ್ ತೆಗೆದು ಎರಡು ಸಲ ಎಳೆದರು. ಇಳಿಯಲಿಲ್ಲ. ಮತ್ತೆ ಎರಡು ಸಲ. ಹೊಸ ಅಂಗಿ ಬೆನ್ನಿಗೆ ಅಂಟಿಕೊಂಡಿತು. ಎಡಗೈಯನ್ನು ಬಲಗೈಯಲ್ಲಿ ಹಿಡಿದುಕೊಂಡು, "ಸ್ವರ್ಣ, ಹಲ್ಲು ನೋಯ್ತದಲ್ಲ, ಎಂತ ಇದು?" ಎಂದರು.

ಗೋಡೆಯ ಗಡಿಯಾರದಲ್ಲಿ ಹತ್ತು ಮೂವತ್ತೈದು. ಸ್ವರ್ಣಲತಾ ಚೀಲದಿಂದ ಮೊಬೈಲ್ ತೆಗೆದಳು.

ಸುಂದರಿ ಬಾಗಿಲು ಮುಂದೆ ಮಾಡಿ, ಅದಕ್ಕೆ ಬೆನ್ನು ಕೊಟ್ಟು ನಿಂತಳು. "ಯಾರಿಗೆ ಮಾಡ್ತಿ?"

"ಆಂಬುಲೆನ್ಸಿಗೆ. ಇದು ದಮ್ಮಲ್ಲ ಅತ್ತಿಗೆ. ಡಾಕ್ಟರು ಹೇಳಿದ್ದೇ ಇದು."

"ಕಾಪುವಿನ ದಿಬ್ಬಣ ಈಗ ಇಳಿಯುತ್ತಾ ಉಂಟು. ಅವರ ಎದುರಿನಿಂದ ಸೈರನ್ ಹಾಕಿಕೊಂಡು ಆಂಬುಲೆನ್ಸ್ ಬರಬೇಕಾ? ಹುಡುಗಿ ಹಸೆಗೆ ಕಾಲಿಡುವ ಮೊದಲೇ ಅವಳ ಹಣೆಯಲ್ಲಿ ಅಪಶಕುನ ಅಂತ ಬರೆದು ಬಿಡ್ತೀಯಾ?"

"ಹಿಂದಿನ ಬಾಗಿಲಿನಿಂದ ಕಾರಿನಲ್ಲಿ ಕರಕೊಂಡು ಹೋಗ್ತೇನೆ. ಧಾರೆಯನ್ನು ನನ್ನ ಅಣ್ಣ ಎರೆಯಲಿ."

"ತಂದೆ ಜೀವಂತ ಇರುವಾಗ? ತಂದೆ ಎಲ್ಲಿ ಅಂತ ಕೇಳಿದರೆ ಎಂತ ಹೇಳುದು? ಗ್ಯಾಸ್ ಆಗಿರ್ತದೆ ಮಾರಾಯ್ತಿ. ಬೆಳಿಗ್ಗೆಯಿಂದ ಖಾಲಿ ಹೊಟ್ಟೆ. ಒಂದು ಸೋಡಾ ಕುಡಿಸು."

ಸ್ವರ್ಣಲತಾ ಗಂಡನ ಮುಖ ನೋಡಿದಳು. ಅವರಾದರೂ ಹೊರಡುವ ಎಂದರೆ ಸಾಕಿತ್ತು. ಅವರು ಕಣ್ಣು ಮುಚ್ಚಿಕೊಂಡೇ, "ಧಾರೆ ಆಗಲಿ. ಮಗಳದ್ದಲ್ವಾ" ಎಂದರು.

ಮೊಬೈಲ್ ಅವಳ ಕೈಯಲ್ಲೇ ಇತ್ತು. ಒತ್ತಬೇಕಾದದ್ದು ಮೂರು ಅಂಕಿ. ಅವಳು ಒತ್ತಲಿಲ್ಲ. ಮಣಿಪಾಲದ ಡಾಕ್ಟರು ಕೊಟ್ಟಿದ್ದ ಮಾತ್ರೆ ನಾಲಗೆಯ ಅಡಿಗೆ ಇಟ್ಟಳು, ಸೆರಗಿನಿಂದ ಬೆವರು ಒರೆಸಿದಳು, ಸೋಡಾ ಕುಡಿಸಿದಳು, ಗಡಿಯಾರ ನೋಡಿದಳು. ಹೊರಗೆ ವಾಲಗ ಜೋರಾಯಿತು. ಯಾರೋ ಬಾಗಿಲು ತಟ್ಟಿ, ಹುಡುಗಿಯ ತಂದೆಗೆ ಫೋಟೋದವರು ಕರೀತಾರೆ ಎಂದರು. "ಬರ್ತಾರೆ, ಪಂಚೆ ಉಡ್ತಾ ಇದ್ದಾರೆ" ಎಂದು ಸುಂದರಿ ನಗುನಗುತ್ತಾ ಉತ್ತರಿಸಿದಳು. ಅವಳ ಕಣ್ಣಿನಲ್ಲಿ ನೀರಿತ್ತು.

ಆಸ್ಪತ್ರೆ ಸಮುದ್ರದಾಚೆ ಇರಲಿಲ್ಲ. ಕಾರಿನಲ್ಲಿ ಹೊರಟರೆ ಇಪ್ಪತ್ತು ನಿಮಿಷ. ಆ ಕೋಣೆಯಲ್ಲಿ ಐದು ಸಲ ಆಸ್ಪತ್ರೆ ಮುಟ್ಟುವಷ್ಟು ಹೊತ್ತು ಕಳೆಯಿತು.

ಹನ್ನೆರಡು ಹದಿನೈದಕ್ಕೆ ತಾರಾನಾಥರು ಎದ್ದು ನಿಂತರು. ಹೆಂಡತಿಯ ಭುಜ ಹಿಡಿದು ಮಂಟಪ ಹತ್ತಿದರು. ಮಗಳ ಕೈ ರಿತೇಶನ ಕೈಯಲ್ಲಿ. ಗಿಂಡಿಯನ್ನು ಗಂಡ ಹೆಂಡತಿ ಸೇರಿ ಹಿಡಿದರು. ಅದರ ಭಾರವಷ್ಟೂ ತನ್ನ ಕೈಗೇ ಬಂದದ್ದು ಸ್ವರ್ಣಲತಾಳಿಗೆ ತಿಳಿಯಿತು. ನೀರು ಬಿತ್ತು. ಜನ ಅಕ್ಷತೆ ಹಾಕಿದರು. ಡ್ಯೂಟಿ ಮುಗಿಸಿ ಆಗಷ್ಟೇ ಬಂದ ರೀನಾ ತಾರಾನಾಥರ ಮುಖದ ಬಣ್ಣ ನೋಡಿ ಜನರನ್ನು ತಳ್ಳಿಕೊಂಡು ಓಡಿಬರುವುದಕ್ಕೂ, ಅವರು ಮಂಟಪದ ಮೆಟ್ಟಿಲಲ್ಲಿ ಕುಸಿಯುವುದಕ್ಕೂ ಸರಿಹೋಯಿತು.

ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದ ಮೊದಲ ಮಾತು: "ನೋವು ಶುರುವಾದದ್ದು ಎಷ್ಟು ಗಂಟೆಗೆ?"

"ಈಗ. ಧಾರೆ ಆದ ಮೇಲೆ" ಎಂದಳು ಸುಂದರಿ.

"ಅಲ್ಲ ಡಾಕ್ಟ್ರೇ," ಸ್ವರ್ಣಲತಾಳ ಸ್ವರ ಅವಳಿಗೇ ಕೇಳದಷ್ಟು ಸಣ್ಣಗಿತ್ತು, "ಹತ್ತು ಮೂವತ್ತೈದಕ್ಕೆ."

ಡಾಕ್ಟರು ಒಂದು ಕ್ಷಣ ಅವಳನ್ನೇ ನೋಡಿದರು. ಗಂಟೆಯನ್ನು ಚೀಟಿಯಲ್ಲಿ ಬರೆದುಕೊಂಡು ಒಳಗೆ ಹೋದರು. ಸಂಜೆ ನಾಲ್ಕಕ್ಕೆ ತಾರಾನಾಥರು ತೀರಿಕೊಂಡರು.

ಹದಿಮೂರನೇ ದಿನ, ಉತ್ತರಕ್ರಿಯೆಯ ಬೊಜ್ಜದ ಊಟ. ಕೈ ತೊಳೆಯುವಲ್ಲಿ ಇಬ್ಬರು ಹೆಂಗಸರು ದನಿ ತಗ್ಗಿಸಿದರೂ ಮಾತು ಒಳಗೆ ಕೇಳಿತು. "ಧಾರೆ ನೀರು ಆರುವ ಮೊದಲೇ ತಂದೆಯನ್ನು ತೆಗೆದಳಲ್ಲ. ಎಂಥ ಕಾಲ್ಗುಣ ಅಂತೇನೆ."

ಯಾವ ಮಾತು ಬರಬಾರದೆಂದು ಸುಂದರಿ ಬಾಗಿಲಿಗೆ ಅಡ್ಡ ನಿಂತಿದ್ದಳೋ, ಅದೇ ಮಾತು ಬಂತು.

ಸ್ವರ್ಣಲತಾ ಹೊರಗೆ ಬಂದಳು. "ಕಾಲ್ಗುಣ ಅಲ್ಲ. ಹತ್ತು ಮೂವತ್ತೈದಕ್ಕೆ ನೋವು ಬಂತು. ಹನ್ನೆರಡು ಹದಿನೈದರವರೆಗೆ ನಾವು ಅವರನ್ನು ಕೋಣೆಯಲ್ಲಿ ಕೂರಿಸಿದೆವು. ನಿಮ್ಮ ಈ ಬಾಯಿಗೆ ಹೆದರಿ ಕೂರಿಸಿದೆವು."

"ಬಾಗಿಲಿಗೆ ಅಡ್ಡ ನಿಂತದ್ದು ನಾನು" ಎಂದಳು ಹಿಂದಿನಿಂದ ಸುಂದರಿ.

ಕಂಬದ ಬಳಿ ರಿತೇಶನ ಪಕ್ಕ ನಿಂತಿದ್ದ ಅಕ್ಷಿತಾ ಇದನ್ನು ಕೇಳುತ್ತಿರುವುದು ಮೊದಲ ಸಲ. ಅವಳು ತಾಯಿಯನ್ನು ನೋಡಿದಳು, ಸೋದರತ್ತೆಯನ್ನು ನೋಡಿದಳು.

"ಒಂದು ಮಾತು ನನ್ನಲ್ಲಿ ಹೇಳಿದ್ದರೆ ಹಸೆಯಿಂದ ಎದ್ದು ಬರ್ತಿದ್ದೆ ಅಮ್ಮ."

ಅವಳು ತನ್ನ ಅಂಗೈಯನ್ನು ಬಿಡಿಸಿ ನೋಡಿಕೊಂಡಳು.

"ನೀರು ಬೀಳುವಾಗ ಅಪ್ಪನ ಕೈ ನಡುಗ್ತಾ ಇತ್ತು. ಸಂತೋಷಕ್ಕೆ ಅಂತ ಎಣಿಸಿದೆ."