ಆಟೋ, ಹೊಗೆ, ಮಾಸ್ಕ್ ಹಾಕಿದ ಮುಖ

ಮಗಳು ಶಾಹಿಸ್ತಾ ಮತ್ತು ಅವಳ ಮೂವರು ಗೆಳತಿಯರನ್ನು ನನ್ನ ಹಳೆಯ ಡೀಸೆಲ್ ಆಟೋದಲ್ಲಿ ಮುದ್ದೇಬಿಹಾಳದ ಕಾಲೇಜಿಗೆ ಬಿಡುವವನು ನಾನು. ನಿನ್ನೆ ಅವಳ ಫೋನನ್ನು ಚಾರ್ಜಿಗೆ ಹಾಕಲು ಎತ್ತಿಕೊಂಡಾಗ ಗೆಳತಿಯರ ವಾಟ್ಸಾಪ್ ಗ್ರೂಪು ತೆರೆದೇ ಇತ್ತು. ದಿನಾ ಬೆಳಿಗ್ಗೆ ಎಂಟಕ್ಕೆ ಅವೇ ಮೂರು ಪುಟ್ಟ ಇಮೋಜಿ ಚಿತ್ರ: ಆಟೋ, ಹೊಗೆ, ಮಾಸ್ಕ್ ಹಾಕಿದ ಮುಖ. ಕೆಳಗೆ ಎಲ್ಲರ ನಗು.

“ಏನವಾ ಇದು?”

“ನೀವು ಬರಾಕತ್ತೀರಿ ಅಂತ ಹೇಳೂದ್ರಿ, ಅಬ್ಬಾ.”

“ಮೊದಲ ಹಾಕಿದಾಕಿ ಯಾರು?”

ಅವಳು ತಲೆ ತಗ್ಗಿಸಿದಳು. “ನಾನ ರೀ. ಅವ್ರು ನಗೂದಕ್ಕಿಂತ ಮೊದ್ಲ ನಾನ ನಕ್ಕಬಿಟ್ರ ಛಲೋ ಅನಸ್ತು.”

ಇವತ್ತು ಬಸ್ ಸ್ಟ್ಯಾಂಡಿನ ಹತ್ತಿರ ಆಟೋ ನಿಲ್ಲಿಸಲು ಹೇಳಿದಳು. “ಇಲ್ಲಿಂದ ನಡ್ಕೋತ ಹೋಗ್ತೇನ್ರಿ.”

ಗೆಳತಿಯರು ಯಾರೂ ಇಳಿಯಲಿಲ್ಲ. ಅವರನ್ನು ಕಾಲೇಜಿನ ಗೇಟಿನವರೆಗೂ ಬಿಟ್ಟು ಬಂದೆ.